ಒದ್ದೆ ಬಟ್ಟೆಯ ಪರಿಮಳ

ಒಳ್ಳೆಯ ರೆಸ್ಟೋರೆಂಟಿಗೆ ಹೋಗಿ ಕುರ್ಚಿ ಎಳೆದು ಕೂತರೆ ನನಗೆ ಮೊದಲು ಆಗುವುದು ಹಸಿವಲ್ಲ, ಹೆದರಿಕೆ. ಕಾರಣ ವೈನ್ ಲಿಸ್ಟ್. ಊಟದ ಮೆನು ಎಲ್ಲರಿಗೂ ಒಂದೊಂದು ಕೊಡುತ್ತಾರೆ. ವೈನ್ ಲಿಸ್ಟ್ ಮಾತ್ರ ಮೇಜಿಗೆ ಒಂದೇ. ಅದನ್ನು ಯಾರ ಕೈಗೆ ಕೊಡಬೇಕು ಅಂತ ವೇಟರ್ ಒಂದು ಕ್ಷಣ ಎಲ್ಲರ ಮುಖ ನೋಡುತ್ತಾನೆ. ನನಗೆ ಕನ್ನಡಕ ಇದೆ, ದಪ್ಪ ಮೀಸೆ ಇದೆ, ಕಿವಿಯ ಹತ್ತಿರ ನಾಲ್ಕು ಬಿಳಿ ಕೂದಲೂ ಇವೆ. ಹಾಗಾಗಿ ಅದು ಪ್ರತಿಸಲವೂ ನನ್ನ ತಲೆಗೇ ಬರುತ್ತದೆ.

ಬಿಚ್ಚಿ ನೋಡಿದರೆ ಒಳಗೆ ರೈಲ್ವೆ ಟೈಮ್ ಟೇಬಲ್. ಊರಿನ ಹೆಸರು, ಇಸವಿ, ಕೊನೆಯಲ್ಲೊಂದು ಅಂಕಿ. ಅದೂ ಮೇಣದ ಬತ್ತಿಯ ಮಿಣಮಿಣ ಬೆಳಕಿನಲ್ಲಿ, ಇರುವೆ ಸಾಲಿನಂಥ ಅಕ್ಷರದಲ್ಲಿ. ಒಮ್ಮೆ ಧೈರ್ಯ ಮಾಡಿ ಮೊಬೈಲಿನ ಟಾರ್ಚ್ ಹಾಕಿದೆ. ಬೆಳಕು ಪುಟದ ಮೇಲೆ ಬೀಳುವ ಮೊದಲು ಪಕ್ಕದ ಮೇಜಿನಲ್ಲಿ ಕೈ ಕೈ ಹಿಡಿದು ಕೂತಿದ್ದ ಜೋಡಿಯ ಮೇಲೆ ಬಿತ್ತು. ಅವರು ಕೈ ಬಿಟ್ಟರು. ನಾನು ಟಾರ್ಚ್ ಆರಿಸಿದೆ. ಕತ್ತಲಲ್ಲೇ ಒಂದು ಕಡೆ ಬೆರಳಿಟ್ಟೆ.

ಬೆರಳಿಡುವುದಕ್ಕೂ ನನ್ನದೊಂದು ಲೆಕ್ಕಾಚಾರ ಇತ್ತು. ಪಟ್ಟಿಯನ್ನು ಬಲದಿಂದ ಎಡಕ್ಕೆ ಓದುವುದು. ಮೊದಲು ಬೆಲೆ, ಆಮೇಲೆ ಹೆಸರು. ಎಲ್ಲಕ್ಕಿಂತ ಅಗ್ಗದ್ದನ್ನು ಹೇಳಿದರೆ ಜಿಪುಣ ಅಂದುಕೊಳ್ಳುತ್ತಾರೆ. ಅದಕ್ಕೇ ಅದರ ಮೇಲಿನದು. ಇಂಥ ಜಾಣತನ ನನಗೊಬ್ಬನಿಗೇ ಹೊಳೆದಿದೆ ಅಂತ ಬಹಳ ವರ್ಷ ನಂಬಿದ್ದೆ. ಸಂಕೋಚದ ಪ್ರಾಣಿಗಳೆಲ್ಲ ಮಾಡುವುದು ಇದನ್ನೇ, ಅದು ರೆಸ್ಟೋರೆಂಟಿನವರಿಗೂ ಚೆನ್ನಾಗಿ ಗೊತ್ತು ಅಂತ ಆಮೇಲೆ ತಿಳಿಯಿತು.

ಹೆಸರುಗಳದ್ದು ಬೇರೆಯೇ ಗೋಳು. ಹೊಸ ಕಾಲದ ಬಾಟಲಿಗಳ ಮೇಲೆ ದ್ರಾಕ್ಷಿಯ ಹೆಸರನ್ನೇ ಬರೆದಿರುತ್ತಾರೆ. ಫ್ರಾನ್ಸಿನ ಹಳೆಯ ಮನೆತನದವರು ಹಾಗಲ್ಲ. ಅವರು ಊರಿನ ಹೆಸರು ಹೇಳಿ ಸುಮ್ಮನಾಗುತ್ತಾರೆ. ದ್ರಾಕ್ಷಿ ಯಾವುದು ಅಂತ ನಾವೇ ತಿಳಿದಿರಬೇಕು. ಸಾನ್ಸೆರ್ ಊರಿನ ಬಿಳಿ ವೈನ್ ಅಂದರೆ ಸೊವಿನ್ಯೋ ಬ್ಲಾಂ ದ್ರಾಕ್ಷಿ. ಶಾಬ್ಲಿ ಅಂದರೆ ಶಾರ್ಡನೆ. ಇದು ನನಗೆ ಈಗ ಗೊತ್ತು. ಆಗ ಗೊತ್ತಿರಲಿಲ್ಲ. ಒಂದು ಔತಣದಲ್ಲಿ ನಾಲ್ಕು ಜನರ ಎದುರು ಗತ್ತಿನಿಂದ, "ಶಾರ್ಡನೆ ನನಗೆ ಆಗಿಬರೋದಿಲ್ಲ, ಶಾಬ್ಲಿ ಇದ್ದರೆ ಕೊಡಿ" ಅಂದಿದ್ದೆ. ವೈನ್ ನೋಡಿಕೊಳ್ಳುವ ಸೊಮೆಲಿಯೇ ಒಂದೇ ಒಂದು ಸಲ ಕಣ್ಣು ಮಿಟುಕಿಸಿದ. "ಒಳ್ಳೆಯ ಆಯ್ಕೆ ಸರ್" ಅಂದ. ಆ ಮನುಷ್ಯನ ಸಂಯಮಕ್ಕೆ ಇವತ್ತಿಗೂ ಕೈ ಮುಗಿಯುತ್ತೇನೆ.

ಪಟ್ಟಿಯ ಕೊನೆಯ ಪುಟಗಳಲ್ಲಿ ಫ್ರಾನ್ಸಿನ ಬೋರ್ಡೊ ಕಡೆಯ ದೊಡ್ಡ ಮನುಷ್ಯರು ಇರುತ್ತಾರೆ. ಅಲ್ಲಿನ ಕೆಂಪು ವೈನ್‌ಗಳನ್ನು 1855ರಲ್ಲಿ, ಪ್ಯಾರಿಸ್ಸಿನ ದೊಡ್ಡ ವಸ್ತುಪ್ರದರ್ಶನಕ್ಕೆ ಅಂತ, ಐದು ದರ್ಜೆಗಳಾಗಿ ವಿಂಗಡಿಸಿದರು. ರುಚಿ ನೋಡಿ ಅಂಕ ಕೊಟ್ಟದ್ದಲ್ಲ, ಮಾರುಕಟ್ಟೆಯ ಬೆಲೆ ನೋಡಿ ಕೊಟ್ಟದ್ದು. ಅಂದರೆ ಅವರೂ ಬಲದಿಂದ ಎಡಕ್ಕೇ ಓದಿದವರು! ಆ ಪಟ್ಟಿ ಇವತ್ತಿಗೂ ಹೆಚ್ಚುಕಡಿಮೆ ಹಾಗೇ ಇದೆ. ಎರಡನೇ ದರ್ಜೆಯಲ್ಲಿದ್ದ ಮೂಟೋನ್ ರಾಥ್‌ಚೈಲ್ಡ್ ಎಂಬ ವೈನ್ ಮೊದಲ ದರ್ಜೆಗೆ ಏರಿದ್ದು 1973ರಲ್ಲಿ. ಮರುಮೌಲ್ಯಮಾಪನಕ್ಕೆ 118 ವರ್ಷ. ನಮ್ಮ ವಿಶ್ವವಿದ್ಯಾಲಯಗಳನ್ನು ನಾವು ಸುಮ್ನೆ ಬೈಯುತ್ತೇವೆ.

ಇರಲಿ, ನನ್ನ ಕಥೆಗೆ ಬರುತ್ತೇನೆ. ಅದು ಬಾಟಲಿ ಬಂದ ಮೇಲೆ ನಡೆಯುವ ಪೂಜೆಯದ್ದು. ಬಾಟಲಿಯನ್ನು ಮಗುವಿನ ಹಾಗೆ ಎತ್ತಿಕೊಂಡು ಬಂದು ಲೇಬಲ್ ತೋರಿಸುತ್ತಾರೆ. ಬಿರಡೆ ತೆಗೆದು ನಮ್ಮ ಮುಂದಿಡುತ್ತಾರೆ. ಗ್ಲಾಸಿಗೆ ಒಂದು ಗುಟುಕು ಹಾಕಿ ಪಕ್ಕದಲ್ಲಿ ಕೈ ಕಟ್ಟಿ ನಿಲ್ಲುತ್ತಾರೆ. ಇದು ನನ್ನ ನಾಲಗೆಯ ಪರೀಕ್ಷೆ ಅಂತಲೇ ನಾನು ತಿಳಿದಿದ್ದೆ. ಫೇಲಾಗಬಾರದು ಅಂತ ಗ್ಲಾಸನ್ನು ಗಿರಗಿರ ತಿರುಗಿಸುತ್ತಿದ್ದೆ, ಕಣ್ಣು ಮುಚ್ಚುತ್ತಿದ್ದೆ, ಛಾವಣಿ ನೋಡುತ್ತಿದ್ದೆ. ಬಿರಡೆಯನ್ನು ಏನು ಮಾಡಬೇಕು ಅಂತ ತಿಳಿಯದೆ ಒಮ್ಮೆ ಜೇಬಿಗೆ ಹಾಕಿಕೊಂಡಿದ್ದೂ ಉಂಟು.

ಹೀಗಿರುವಾಗ ಒಂದು ಸಂಜೆ ಗೆಳೆಯನನ್ನೂ ಅವನ ಹೆಂಡತಿಯನ್ನೂ ಊಟಕ್ಕೆ ಕರೆದಿದ್ದೆವು. ಕೆಂಪು ವೈನ್ ಬಂತು. ಗ್ಲಾಸು ಎತ್ತಿದೆ. ನೆನೆದ ರಟ್ಟಿನ ವಾಸನೆ. ಮಳೆಗಾಲದಲ್ಲಿ ಮೂರು ದಿನ ಒಣಗದ ಬಟ್ಟೆ ಇರುತ್ತದಲ್ಲ, ಅದೇ. ಆದರೆ ಸೊಮೆಲಿಯೇ ಕಾಯುತ್ತಿದ್ದಾನೆ, ಗೆಳೆಯ ನನ್ನ ಮುಖವನ್ನೇ ನೋಡುತ್ತಿದ್ದಾನೆ. "ಆಹಾ" ಅಂದೆ. ಎಲ್ಲರ ಗ್ಲಾಸಿಗೂ ಸುರಿದಾಯಿತು.

"ರೀ, ಇದು ಒದ್ದೆ ಬಟ್ಟೆ ವಾಸನೆ ಬರ್ತಿದೆ" ಅಂದಳು ಹೆಂಡತಿ, ಮೆಲ್ಲಗೆ.

"ಅದು ಮಣ್ಣಿನ ಗುಣ" ಅಂದೆ, ಜೋರಾಗಿ.

ಗೆಳೆಯ ಕೂಡಲೇ ತಲೆಯಾಡಿಸಿದ. "ಹೌದು, ಮಣ್ಣಿನ ಗುಣ ಎದ್ದು ಕಾಣ್ತಿದೆ" ಅಂದ. ನಾಲ್ಕು ಜನ ಸೇರಿ ಆ ಬಾಟಲಿಯನ್ನು ಕಷಾಯ ಕುಡಿದ ಹಾಗೆ ಮುಗಿಸಿದೆವು. ಎದುರಿಗೆ ಹದವಾಗಿ ಬೆಂದ ಮಾಂಸ ಇತ್ತು, ಬೆಣ್ಣೆಯಲ್ಲಿ ಹುರಿದ ಅಣಬೆ ಇತ್ತು. ಎಲ್ಲದಕ್ಕೂ ಅದೇ ರಟ್ಟಿನ ರುಚಿ. ದುಡ್ಡು ಕೊಟ್ಟಿದ್ದು ನಾನೇ.

ಆ ವಾಸನೆಯ ಮೂಲ ಮನೆಗೆ ಬಂದು ಹುಡುಕಿದ ಮೇಲೆ ತಿಳಿಯಿತು. ಬಿರಡೆಯಲ್ಲಿ ಸೇರಿಕೊಳ್ಳುವ ಟಿಸಿಎ ಎಂಬ ರಾಸಾಯನಿಕ. ಕ್ಲೋರಿನ್ ಇರುವ ಕೆಲವು ವಸ್ತುಗಳ ಮೇಲೆ ಬೂಸ್ಟು ಕೆಲಸ ಮಾಡಿದಾಗ ಅದು ಹುಟ್ಟುತ್ತದೆ. ಒಂದು ಲೀಟರಿನಲ್ಲಿ ಕೆಲವೇ ನ್ಯಾನೊಗ್ರಾಂ ಇದ್ದರೂ ಸಾಕು, ಹಣ್ಣಿನ ಘಮವನ್ನೆಲ್ಲ ನುಂಗಿಹಾಕುತ್ತದೆ. ಹೊಟ್ಟೆಗೆ ಏನೂ ಆಗುವುದಿಲ್ಲ, ಆಗುವುದೆಲ್ಲ ಮನಸ್ಸಿಗೆ. ಆ ಒಂದು ಗುಟುಕು ಹಾಕಿ ಕಾಯುತ್ತಾರಲ್ಲ, ಅದು ಇದಕ್ಕೋಸ್ಕರವೇ. ನನ್ನ ಪರೀಕ್ಷೆ ಅಲ್ಲ, ಬಾಟಲಿಯ ಪರೀಕ್ಷೆ. ನಿಮಗೆ ಇಷ್ಟವಾಯಿತೇ ಅಂತ ಕೇಳುವುದಲ್ಲ, ಕೆಟ್ಟಿದೆಯೇ ಅಂತ ಕೇಳುವುದು. ಕೆಟ್ಟಿದೆ ಅಂದರೆ ಮರುಮಾತಿಲ್ಲದೆ ಬೇರೆ ತರುತ್ತಾರೆ. ಇಷ್ಟು ವರ್ಷ ನಾನು ವೈದ್ಯರ ಮುಂದೆ ಕೂತು, ಎಲ್ಲಿ ನೋವು ಅಂತ ಕೇಳಿದರೆ ನಿಮ್ಮ ಸ್ಟೆತಾಸ್ಕೋಪ್ ಬಹಳ ಚೆನ್ನಾಗಿದೆ ಅನ್ನುತ್ತಿದ್ದೆ.

ಅರ್ಧ ವಿದ್ಯೆ ಅಪಾಯ ಅನ್ನುತ್ತಾರೆ. ನನಗೆ ಈಗ ಮುಕ್ಕಾಲು ಬಂದಿತ್ತು. ಯಾವಾಗ ಒಂದು ಕೆಟ್ಟ ಬಾಟಲಿ ಸಿಕ್ಕೀತು ಅಂತ ಕಾದು ಕೂತೆ. ನಮ್ಮ ದುರದೃಷ್ಟ, ಆರು ತಿಂಗಳು ಬರೀ ಒಳ್ಳೆಯ ವೈನೇ ಬಂತು. ಕೆಲವು ಕಡೆ ತಿರುಗಿಸಿ ತೆಗೆಯುವ ಮುಚ್ಚಳದ ಬಾಟಲಿ ಬೇರೆ. ಅದರಲ್ಲಿ ಬಿರಡೆಯೇ ಇಲ್ಲ, ಇನ್ನು ಬಿರಡೆಯ ರೋಗ ಎಲ್ಲಿಂದ ಬರಬೇಕು?

ಕೊನೆಗೆ ಆ ಸಂಜೆ ಬಂತು. ಮತ್ತೆ ಅದೇ ಗೆಳೆಯ, ಅವನ ಹೆಂಡತಿ, ನಾವಿಬ್ಬರು. ಮೀನು ಹೇಳಿದ್ದೆವು, ಜೊತೆಗೆ ಹುಳಿ ಮುಂದಾದ ಬಿಳಿ ರೀಸ್ಲಿಂಗ್. ಮೊದಲ ಬಾಟಲಿ ಸೊಗಸಾಗಿತ್ತು. ಹುರಿದ ಮೀನಿನ ಜಿಡ್ಡನ್ನು ಆ ಹುಳಿ ನಿಂಬೆರಸದ ಹಾಗೆ ಕತ್ತರಿಸುತ್ತಿತ್ತು. ಒಂದು ತುತ್ತು, ಒಂದು ಗುಟುಕು. ಮಾತೇ ಬೇಕಾಗಿರಲಿಲ್ಲ. ಬಾಟಲಿ ಪಕ್ಕದ ಐಸ್ ಬಕೆಟ್ಟಿನಲ್ಲಿತ್ತು. ಸೊಮೆಲಿಯೇ ಬರುವವರೆಗೂ ಕಾಯಲಾರದೆ ನಾನೇ ಎತ್ತಿದೆ. ಐಸ್ ನೀರು ಧಾರೆಯಾಗಿ ಕೈ ಮೇಲೆ, ಅಂಗಿಯ ಮೇಲೆ, ಗೆಳೆಯನ ತೊಡೆಯ ಮೇಲೆ. ಬಕೆಟ್ಟಿಗೆ ಹೊದಿಸಿದ್ದ ಬಟ್ಟೆಯನ್ನು ಎಳೆದು ಕೈ ಒರೆಸಿಕೊಂಡೆ. ಮುಖಕ್ಕೂ ಸಿಡಿದಿತ್ತು, ಅದನ್ನೂ ಒರೆಸಿಕೊಂಡೆ. ಈ ವಿವರ ಸ್ವಲ್ಪ ನೆನಪಿಟ್ಟುಕೊಳ್ಳಿ.

ನಾಲ್ಕು ಜನಕ್ಕೆ ಒಂದು ಬಾಟಲಿ ಎಲ್ಲಿಗೆ ಸಾಲುತ್ತದೆ? ಒಂದರಲ್ಲಿ ಇರುವುದು 750 ಮಿಲಿಲೀಟರ್, 150ರ ಲೆಕ್ಕದಲ್ಲಿ ಐದು ಗ್ಲಾಸು. ಐದನೆಯದು ಯಾರಿಗೆ ಅನ್ನುವುದು ಯಾವಾಗಲೂ ಜಗಳದ ವಿಷಯ. ಅದೇ ವೈನ್ ಇನ್ನೊಂದು ಹೇಳಿದೆವು. ಬಿರಡೆ ತೆಗೆದರು, ಗುಟುಕು ಹಾಕಿದರು. ಮೂಗಿಗೆ ಹಿಡಿದೆ.

ಒದ್ದೆ ಬಟ್ಟೆ!

ಸಂತೋಷಕ್ಕೆ ಕೈ ನಡುಗಿತು. ಗ್ಲಾಸು ಕೆಳಗಿಟ್ಟೆ. "ಕ್ಷಮಿಸಿ, ಇದಕ್ಕೆ ಬಿರಡೆಯ ದೋಷ ಇದೆ" ಅಂದೆ. ಗೆಳೆಯನ ಕಣ್ಣಲ್ಲಿ ಗೌರವ ಕಂಡಿತು. ಮೊದಲ ಬಾಟಲಿ ಚೆನ್ನಾಗಿದ್ದು ಎರಡನೆಯದು ಹೇಗೆ ಕೆಡುತ್ತದೆ ಅಂತ ಅವನು ಕೇಳಿದ. ಅದನ್ನೇ ಕೇಳಲಿ ಅಂತ ಕಾದಿದ್ದೆ. ಒಂದೊಂದು ಬಿರಡೆಯ ಹಣೆಬರಹ ಒಂದೊಂದು ಥರ ಅಂತ ಐದು ನಿಮಿಷ ಉಪನ್ಯಾಸ ಕೊಟ್ಟೆ. ಸೊಮೆಲಿಯೇ ತಾನೂ ಮೂಸಿದ, ಒಂದು ಹನಿ ನಾಲಗೆಗೆ ಹಾಕಿಕೊಂಡ. ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. "ಸರಿ ಸರ್" ಅಂತ ಹೋಗಿ ಮೂರನೆಯದು ತಂದ.

ಮೂಗಿಗೆ ಹಿಡಿದೆ. ಅದೂ ಒದ್ದೆ ಬಟ್ಟೆ.

ಈಗ ನನಗೇ ಭಯವಾಯಿತು. ಇವರ ಗೋದಾಮಿಗೇ ಬೂಸ್ಟು ಹಿಡಿದಿದೆಯೇನೋ. ಬಾಯಿ ತೆರೆಯುವಷ್ಟರಲ್ಲಿ ಹೆಂಡತಿ ನನ್ನ ಗ್ಲಾಸು ಕಿತ್ತುಕೊಂಡು ಮೂಸಿದಳು. "ಚೆನ್ನಾಗೇ ಇದೆಯಲ್ಲ" ಅಂದಳು. ಹಿಂದಿನ ಗ್ಲಾಸನ್ನೂ ಮೂಸಿದಳು. "ಇದೂ ಚೆನ್ನಾಗಿದೆ." ಒಂದು ಕ್ಷಣ ಯೋಚಿಸಿದಳು. "ರೀ, ಈ ಕಡೆ ತಿರುಗಿ." ತಿರುಗಿದೆ. ಮೂಗನ್ನು ನನ್ನ ಮುಖದ ಹತ್ತಿರ ತಂದಳು. ಪಕ್ಕದ ಮೇಜಿನವರು ಬೇರೆ ಕಡೆ ನೋಡಿದರು.

"ಮೀಸೆ" ಅಂದಳು.

ಸಂಜೆಯಿಂದ ಐಸ್ ನೀರಲ್ಲಿ ನೆನೆಯುತ್ತಿದ್ದ ಆ ಬಟ್ಟೆಯ ಪರಿಮಳವೆಲ್ಲ ನನ್ನ ಮೀಸೆಯಲ್ಲಿ ಮನೆ ಮಾಡಿತ್ತು. ಗ್ಲಾಸು ಎತ್ತಿದಾಗಲೆಲ್ಲ ವೈನಿಗಿಂತ ಮೊದಲು ಮೂಗಿಗೆ ಸಿಗುತ್ತಿದ್ದದ್ದು ಅದೇ. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನುತ್ತಾರೆ. ನನ್ನದು ಉಲ್ಟಾ. ನಾನು ಬೀಳುವ ಮೊದಲೇ ಮೀಸೆ ಹೋಗಿತ್ತು. ತಿರಸ್ಕರಿಸಿದ ಬಾಟಲಿಯದ್ದೂ ಬಿಲ್ಲಿಗೆ ಸೇರಿಸಿ ಅಂದೆ. ಬೇಡ ಸರ್ ಅಂದರು. ಅದು ಇನ್ನೂ ಜಾಸ್ತಿ ನೋವು ಕೊಟ್ಟಿತು.

ಆಮೇಲೆ ಕೆಲವು ದಿನ ನನಗೆ ಸಮಾಧಾನ ಕೊಟ್ಟದ್ದು 2001ರಲ್ಲಿ ಪ್ರಕಟವಾದ ಒಂದು ಪ್ರಯೋಗ. ಬೋರ್ಡೊ ವಿಶ್ವವಿದ್ಯಾಲಯದಲ್ಲಿ ವೈನ್ ವಿದ್ಯೆಯನ್ನೇ ಓದುತ್ತಿದ್ದ 54 ಜನರ ಮುಂದೆ ಒಂದು ಬಿಳಿ ವೈನ್ ಇಟ್ಟರು. ಅದೇ ಬಿಳಿ ವೈನಿಗೆ ವಾಸನೆಯಿಲ್ಲದ ಕೆಂಪು ಬಣ್ಣ ಕಲಸಿ ಅದನ್ನೂ ಇಟ್ಟರು. ಕೆಂಪಾಗಿ ಕಂಡದ್ದಕ್ಕೆ ಅವರು ಹೆಚ್ಚಾಗಿ ಕೆಂಪು ವೈನಿಗೆ ಹೇಳುವ ಮಾತುಗಳನ್ನೇ ಹುಡುಕಿ ಬರೆದರು. ಕಣ್ಣು ಹೇಳಿದ್ದನ್ನು ಮೂಗು ಕೇಳಿತು. ಕಲಿತವರ ಕಥೆಯೇ ಹೀಗಾದರೆ ನನ್ನದೇನು, ಅಲ್ವಾ? ಇದನ್ನು ಹೆಂಡತಿಗೆ ಓದಿ ಹೇಳಿದೆ. "ಅವರಲ್ಲಿ ಎಷ್ಟು ಜನಕ್ಕೆ ಮೀಸೆ ಇತ್ತು?" ಅಂತ ಕೇಳಿದಳು.

ಈಗ ವೈನ್ ಲಿಸ್ಟ್ ಅವಳ ಕೈಗೆ ಹೋಗುತ್ತದೆ. ವೇಟರ್ ನನಗೇ ಕೊಡುತ್ತಾನೆ, ನಾನು ಅಂಚೆಯವನ ಹಾಗೆ ಮುಂದಕ್ಕೆ ದಾಟಿಸುತ್ತೇನೆ. ಅವಳು ಅದನ್ನು ಓದುವುದೇ ಇಲ್ಲ. ಸೊಮೆಲಿಯೇಯನ್ನು ಕರೆಯುತ್ತಾಳೆ. ನಾವು ತಿನ್ನುವುದು ಇಂಥದ್ದು, ನನಗೆ ಒಗರು ಜಾಸ್ತಿ ಆಗೋದಿಲ್ಲ, ಇಷ್ಟರ ಒಳಗೆ ಅಂತ ಹೇಳಿ ಪಟ್ಟಿಯ ಬಲಗಡೆಯ ಒಂದು ಅಂಕಿಯ ಮೇಲೆ ಬೆರಳಿಡುತ್ತಾಳೆ. ಬೆಲೆ ಬಾಯಲ್ಲಿ ಹೇಳುವುದಿಲ್ಲ, ಮರ್ಯಾದೆಯೂ ಹೋಗುವುದಿಲ್ಲ. ಅವರಿಗೂ ಮುಖ ಅರಳುತ್ತದೆ. ದಿನವಿಡೀ ಎರಡನೇ ಅಗ್ಗದ ಬಾಟಲಿಯನ್ನೇ ಹೊತ್ತು ತಂದವರಿಗೆ ತಮ್ಮ ವಿದ್ಯೆ ತೋರಿಸಲು ಒಂದು ಅವಕಾಶ. ಪಟ್ಟಿಯ ಮೂಲೆಯಲ್ಲಿ ಯಾರೂ ನೋಡದೆ ಕೂತ ಯಾವುದೋ ಹೆಸರಿಲ್ಲದ ಊರಿನ ವೈನನ್ನು ತರುತ್ತಾರೆ. ಅದು ಹೆಸರುವಾಸಿಗಳಿಗಿಂತ ಚೆನ್ನಾಗಿಯೇ ಇರುತ್ತದೆ.

ಒಂದೊಂದು ಸಲ ಬಾಟಲಿಯೇ ಬೇಡ ಅನ್ನುತ್ತಾಳೆ. ಗ್ಲಾಸಿನ ಲೆಕ್ಕದಲ್ಲಿ ಬೇರೆ ಬೇರೆ ತರಿಸುತ್ತಾಳೆ. ಆ ಬಾಟಲಿ ತೆಗೆದು ಎಷ್ಟು ದಿನ ಆಯಿತು ಅಂತ ಹಾಲಿನ ಪ್ಯಾಕೆಟ್ಟಿನ ತಾರೀಖು ಕೇಳಿದಷ್ಟೇ ಸಲೀಸಾಗಿ ಕೇಳುತ್ತಾಳೆ. ಅದೂ ಸರಿಯೇ, ಗಾಳಿ ತಾಗಿದ ವೈನ್ ಎರಡು ಮೂರು ದಿನದಲ್ಲಿ ಸಪ್ಪಗಾಗುತ್ತದೆ. ನಾನಾಗಿದ್ದರೆ ಈ ಪ್ರಶ್ನೆ ಕೇಳಲು ಎರಡು ಗ್ಲಾಸು ಕುಡಿಯಬೇಕಾಗುತ್ತಿತ್ತು.

ಮೊನ್ನೆ ಊಟದ ಕೊನೆಗೆ ಉಪ್ಪುಪ್ಪು ನೀಲಿ ಚೀಸ್ ತರಿಸಿದಳು. ಅದರ ಜೊತೆಗೆ ಸೊಟೆರ್ನ್ ಎಂಬ ಸಿಹಿ ವೈನ್ ಒಂದು ಗ್ಲಾಸು. ಬೂಸ್ಟು ಹಿಡಿದು ಸುಕ್ಕಾದ ದ್ರಾಕ್ಷಿಯಿಂದ ಮಾಡುವುದು ಅದು. ಇತ್ತ ಚೀಸಿಗೂ ಬೂಸ್ಟು, ಅತ್ತ ವೈನಿಗೂ ಬೂಸ್ಟು. ಬಿರಡೆಯಲ್ಲಿದ್ದರೆ ದೋಷ, ಇಲ್ಲಿದ್ದರೆ ದುಬಾರಿ. ಈ ಲೋಕದ ನ್ಯಾಯ ನನಗೆ ಇನ್ನೂ ಪೂರ್ತಿ ಅರ್ಥವಾಗಿಲ್ಲ.

ಸೊಮೆಲಿಯೇ ಅಭ್ಯಾಸಬಲದಿಂದ ನನ್ನ ಮುಂದೆ ಗ್ಲಾಸಿಟ್ಟ. ನಾನು ಅವಳ ಕಡೆ ಸರಿಸಿದೆ. ಅವಳು ತಿರುಗಿಸಲಿಲ್ಲ, ಕಣ್ಣು ಮುಚ್ಚಲಿಲ್ಲ, ಛಾವಣಿ ನೋಡಲಿಲ್ಲ. ಒಮ್ಮೆ ಮೂಸಿ, "ಚೆನ್ನಾಗಿದೆ" ಅಂದಳು. ಒಂದು ಗುಟುಕು ಕುಡಿದು ಗ್ಲಾಸನ್ನು ನನಗೆ ಕೊಟ್ಟಳು. ನಾನು ಆಸೆಯಿಂದ ಎತ್ತಿದೆ.

"ಇರಿ" ಅಂದಳು. ಮಡಚಿಟ್ಟಿದ್ದ ತನ್ನ ಒಣ ನ್ಯಾಪ್ಕಿನ್ನನ್ನು ಮುಂದಕ್ಕೆ ತಳ್ಳಿದಳು. "ಮೊದಲು ಮೀಸೆ."