ಅಂಗಳದಲ್ಲಿ ಚಕ್ರ ಬಿಚ್ಚಿದರೆ ಮಾನ ಹೋಗುತ್ತದೆಯೇ?

ಸಿರ್ಸಿಯ ಮನೆಯಂಗಳದಲ್ಲಿ ಅಪ್ಪನ ಹಳೇ ಮಾರುತಿಯ ಮುಂದಿನ ಚಕ್ರ ಬಿಚ್ಚಿಕೊಂಡು ಕೂತಿದ್ದೆ, ಸವೆದ ಬೇರಿಂಗ್ ಬದಲಿಸಲು. ಎರಡು ಬಳೆಗಳ ನಡುವೆ ಗುಂಡುಗಳನ್ನಿಟ್ಟು ಚಕ್ರ ಸಲೀಸಾಗಿ ತಿರುಗುವಂತೆ ಮಾಡುವ ಭಾಗ ಅದು. ದಣಪೆ ದಾಟಿ ಬಂದ ಪಕ್ಕದ ಮನೆಯವ ಕೇಳಿಯೇಬಿಟ್ಟ: "ಎಂತ ಭಾವ, ಅಮೆರಿಕದಲ್ಲಿ ಸಂಬಳ ಸಾಕಾಗ್ತಿಲ್ಯ?" ತಮಾಷೆಯೇ, ಆದರೂ ಚುರುಕ್ಕೆಂದಿತು. ಅಪ್ಪನದು ಇನ್ನೊಂದು ರಗಳೆ: "ಒಳಗೆ ಬಾರೋ, ಜನ ನೋಡ್ತ."

ನಾನಿರುವ ಒಹಾಯೋದಲ್ಲಿ ವೀಲ್ ಬೇರಿಂಗ್ ಹೋದರೆ ನಿವೃತ್ತ ಮೇಷ್ಟ್ರೂ ಮನೆಮುಂದೆಯೇ ಜ್ಯಾಕ್ ಕೊಡುತ್ತಾರೆ. ಚಳಿಗಾಲದಲ್ಲಿ ರಸ್ತೆಗೆ ಸುರಿಯುವ ಉಪ್ಪಿಗೆ ಹಬ್, ಅಂದರೆ ಚಕ್ರ ಕೂರುವ ನಡುಭಾಗ, ತುಕ್ಕು ಹಿಡಿದು ಕಚ್ಚಿಕೊಂಡಿರುತ್ತದೆ. ಎಳೆದು ತೆಗೆಯುವ ಸಾಧನವನ್ನು ಬಿಡಿಭಾಗದ ಅಂಗಡಿಯವರೇ ಕೊಡುತ್ತಾರೆ. ಠೇವಣಿ ಇಟ್ಟು ಒಯ್ಯುವುದು, ವಾಪಸ್ ಕೊಟ್ಟು ದುಡ್ಡು ತರುವುದು. ದಾರಿಹೋಕರು ಸಂಬಳದ ಸುದ್ದಿ ಎತ್ತುವುದಿಲ್ಲ. "ನಟ್ ಬರ್ತಿಲ್ವಾ?" ಎಂದು ಸ್ಪ್ಯಾನರಿನ ಹಿಡಿಗೆ ಸಿಕ್ಕಿಸಲು ಉದ್ದ ಪೈಪು ತಂದುಕೊಡುತ್ತಾರೆ.

ನನಗೆ ಅರ್ಥವಾಗದ್ದು ಇದು. ಅಡಿಕೆಯ ಕೊಳೆರೋಗಕ್ಕೆ ಔಷಧಿ ಹೊಡೆಯುವ ಪಂಪಿಗೆ ವಾಷರ್ ಹಾಕುವವ ಅಪ್ಪನೇ. ಅಡಿಕೆ ಸುಲಿಯುವ ಮೆಷಿನ್ನಿನ ಬೆಲ್ಟ್ ಬದಲಿಸುವವನೂ ಅವನೇ. ತೋಟದ ಪಂಪ್‌ಸೆಟ್ಟಿನ ದನಿ ಚೂರು ಬದಲಾದರೆ ಜಗಲಿಯಲ್ಲಿ ಕವಳ ಹಾಕುತ್ತಿದ್ದವ ಎದ್ದು ಹೊರಡುತ್ತಾನೆ. ಅಂಥವನು ಕಾರು ಗುಂಯ್‌ಗುಡುತ್ತಿದ್ದರೆ ರೇಡಿಯೋ ಜೋರು ಮಾಡಿಕೊಂಡು ಓಡಿಸುತ್ತಿದ್ದ! ಕುಮಟೆಯಿಂದ ಬರುವಾಗ ದೇವಿಮನೆ ಘಟ್ಟದಲ್ಲಿ ಕಿವಿಗೊಟ್ಟೆ. ಎಡಕ್ಕೆ ತಿರುಗಿದಾಗಲೆಲ್ಲ ಗುಂಯ್ ಏರುತ್ತದೆ, ಬಲಕ್ಕೆ ತಿರುಗಿದರೆ ಇಳಿಯುತ್ತದೆ. ಎಡ ತಿರುವಿನಲ್ಲಿ ಭಾರ ಬೀಳುವುದು ಬಲಚಕ್ರದ ಮೇಲೆ. ಹಾಗಾಗಿ ಸವೆದದ್ದು ಬಲಗಡೆಯ ಬೇರಿಂಗೇ ಎಂದು ಖಾತ್ರಿಯಾಯಿತು. ಜ್ಯಾಕ್ ಏರಿಸಿ ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದರೆ ಕಟಕಟ ಎಂದಿತು. ಇಷ್ಟು ನೋಡಲು ಗ್ಯಾರೇಜ್ ಯಾಕೆ ಬೇಕು? ತೋಟದ ಯಂತ್ರ ಮುಟ್ಟಿದರೆ ಕೆಲಸಗಾರ, ಕಾರು ಮುಟ್ಟಿದರೆ ಬಡವ. ಕಾರು ನಮಗಿನ್ನೂ ಅಂತಸ್ತೇ ಹೊರತು ಯಂತ್ರವಲ್ಲ.

ಹಾಗಂತ ಎಲ್ಲವೂ ಅಂಗಳದಲ್ಲೇ ಮುಗಿಯಲಿಲ್ಲ. ಮಣ್ಣಂಗಳದಲ್ಲಿ ಜ್ಯಾಕ್ ಹುಗಿಯುತ್ತದೆ, ಹಲಗೆ ಕೊಡಬೇಕಾಯಿತು. ಚಕ್ರದ ನಡುವಿನ ದೊಡ್ಡ ಆಕ್ಸಲ್ ನಟ್ಟನ್ನು ಚಕ್ರ ನೆಲದ ಮೇಲಿರುವಾಗಲೇ ಸಡಿಲಿಸಿಕೊಂಡಿದ್ದೆ. ಬ್ರೇಕ್ ಹಿಡಿಯುವ ಭಾಗವಾದ ಕ್ಯಾಲಿಪರ್ ತನ್ನ ಪೈಪಿನ ಮೇಲೆ ಜೋತುಬೀಳದಂತೆ ತಂತಿಯಲ್ಲಿ ಕಟ್ಟಿದೆ. ಆದರೆ ಈ ಕಾರಿನ ಬೇರಿಂಗ್ ಚಕ್ರವನ್ನು ಹಿಡಿದಿಡುವ 'ನಕಲ್' ಎಂಬ ಕಬ್ಬಿಣದ ಭಾಗದ ಒಳಗೆ ಬಿಗಿಯಾಗಿ ಕೂರುವಂಥದ್ದು, ಒತ್ತಿ ಕೂರಿಸುವ ಪ್ರೆಸ್ ಯಂತ್ರ ಇಲ್ಲದೆ ಆಗದು. ಲೇಥ್ ಅಂಗಡಿಗೆ ಒಯ್ದೆ. ಅಲ್ಲಿಯ ಹುಡುಗ ಹಳೇ ಬೇರಿಂಗಿನ ಹೊರಬಳೆಯನ್ನೇ ಅಡ್ಡ ಇಟ್ಟು, ಒತ್ತಡ ಹೊಸದರ ಹೊರಬಳೆಯ ಮೇಲಷ್ಟೇ ಬೀಳುವಂತೆ ಕೂರಿಸಿದ. ಒಳಬಳೆ ಒತ್ತಿದರೆ ಗುಂಡುಗಳು ತಾವು ಉರುಳುವ ದಾರಿಯಲ್ಲೇ ಗುಳಿ ಮಾಡಿ, ಹೊಸ ಬೇರಿಂಗೂ ಗುಂಯ್ ಎನ್ನುತ್ತದೆ. ಅವನಿಗೆ ಇದನ್ನು ಯಾರೂ ಹೇಳಬೇಕಾಗಿರಲಿಲ್ಲ.

ಇನ್ನೊಂದನ್ನೂ ಒಪ್ಪಬೇಕು. ಒಹಾಯೋದ ನಮ್ಮ ಮೇಷ್ಟ್ರು ಬೇರಿಂಗ್ ಸವೆದರೆ ಹಬ್ಬಿನ ಸಮೇತ ಇಡೀ ಜೋಡಣೆಯನ್ನೇ ಎಸೆದು ಹೊಸದನ್ನು ಬೋಲ್ಟ್ ಹಾಕುತ್ತಾರೆ, ಅವರ ಕಾರು ಹಾಗಿದೆ. ಇಲ್ಲಿ ಗಟ್ಟಿಯಿದ್ದ ಹಬ್ ಹಾಗೇ ಉಳಿಯಿತು. ಪ್ರೆಸ್ ಮಾಡಿದ್ದಕ್ಕೆ ಹುಡುಗ ಕೇಳಿದ ದುಡ್ಡಿಗೆ ಅಲ್ಲಿ ಒಂದು ಆಕ್ಸಲ್ ನಟ್ಟೂ ಬರುವುದಿಲ್ಲ.