ಸಿಗ್ನಲ್ ಇಲ್ಲದಿದ್ದರೆ ಚಟವೂ ಇಲ್ಲವಾ?

ಶಿವಮೊಗ್ಗದ ವಿದ್ಯಾರ್ಥಿಗಳು ಮೊಬೈಲ್ ಚಟದ ಬಗ್ಗೆ ವಸ್ತುಪ್ರದರ್ಶನಕ್ಕೆ ನಾಲ್ಕು ನಿಮಿಷದ ಒಂದು ಆಟ ತಯಾರಿಸುತ್ತಿದ್ದಾರೆ ಎಂಬ ಬರಹ ಓದಿದೆ, ಖುಷಿಯ ವಿಷಯ. ಆದರೆ ಅದರ ನಡುವೆ ಒಂದು ಸಾಲು ಬಂತಲ್ಲ, ನೆಟ್‌ವರ್ಕ್ ಸರಿಯಿಲ್ಲದ ಮಲೆನಾಡಿನ ಹಳ್ಳಿಗಳಲ್ಲಿ ಈ ಕಾಟ ಕಡಿಮೆ ಅಂತ, ಅದನ್ನು ನಾನು ಒಪ್ಪುವುದಿಲ್ಲ. ನಮ್ಮದು ಹೊಸನಗರದ ಹತ್ತಿರ. ತೋಟದ ಹಿಂದಿನ ದರೆ ಹತ್ತಿದರೆ ಮಾತ್ರ ಸಿಗ್ನಲ್. ಹೋದ ಮಳೆಗಾಲ ಪೂರ್ತಿ ನನ್ನ ಮಗ ಒಂದು ಕೈಯಲ್ಲಿ ಛತ್ರಿ, ಇನ್ನೊಂದರಲ್ಲಿ ಮೊಬೈಲ್ ಹಿಡಿದು ಅಲ್ಲೇ ನಿಂತಿರುತ್ತಿದ್ದ. ಕಾಲಿಗೆ ಉಂಬಳ (ಜಿಗಣೆ) ಹತ್ತಿ ರಕ್ತ ಇಳಿದರೂ ಅವನಿಗೆ ಗೊತ್ತಾಗುತ್ತಿರಲಿಲ್ಲ. ಸಿಗ್ನಲ್ ಒಮ್ಮೆ ಬರುತ್ತದೆ, ಒಮ್ಮೆ ಇಲ್ಲ. ಅದೇ ಇನ್ನೂ ಜಾಸ್ತಿ ಎಳೆಯುತ್ತದೆ, ಅಲ್ವಾ? ಸ್ಕಿನ್ನರ್ ಎಂಬ ಮನಶ್ಶಾಸ್ತ್ರಜ್ಞ ಪಾರಿವಾಳಗಳಲ್ಲಿ ಕಂಡಿದ್ದೂ ಇದನ್ನೇ. ಕಾಳು ಯಾವಾಗ ಬೀಳುತ್ತದೋ ಗೊತ್ತಿಲ್ಲದಿದ್ದಾಗ ಹಕ್ಕಿ ಕುಕ್ಕುವುದನ್ನು ಬೇಗ ಬಿಡುವುದಿಲ್ಲ.

ಇನ್ನು ವಿದ್ಯಾರ್ಥಿಗಳ ಆ ಆಟದ ಕೊನೆಗೆ ಆಡಿದವರಿಗೆ 'ನೀವು ಚಟಗಾರರು' ಅಂತ ತೋರಿಸುತ್ತಾರಂತೆ. ಅದು ಬೇಡ. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿಯಲ್ಲಿ 2022ರಿಂದ ಗೇಮಿಂಗ್ ಗೀಳು ಇದೆ ನಿಜ. ಆದರೆ ಅದನ್ನು ಹೇಳಲು ಸಾಮಾನ್ಯವಾಗಿ 12 ತಿಂಗಳ ಲಕ್ಷಣ ನೋಡುತ್ತಾರೆ. ನಾಲ್ಕು ನಿಮಿಷದ ಆಟಕ್ಕೆ ಸುಮ್ನೆ ಹಣೆಪಟ್ಟಿ ಯಾಕೆ? ಬದಲಿಗೆ ಆಡುವವರನ್ನೇ ಆ್ಯಪ್ ಮಾಡುವವರ ಕುರ್ಚಿಯಲ್ಲಿ ಕೂರಿಸಿ. ನೋಟಿಫಿಕೇಶನ್ ಯಾವ ಹೊತ್ತಿಗೆ ಬಿಡಬೇಕು, ಒಂದು ವಿಡಿಯೊ ಮುಗಿದ ಕೂಡಲೇ ಇನ್ನೊಂದು ಶುರುವಾಗಬೇಕಾ ಅಂತ ಅವರೇ ಆರಿಸಲಿ. ಹಾಗೆ ಮಾಡಿದರೆ ಮಗನನ್ನೂ ಕರೆದುಕೊಂಡು ಬರುತ್ತೇನೆ, ಛತ್ರಿ ಮನೆಯಲ್ಲೇ ಬಿಟ್ಟು.