ಗ್ಯಾರೇಜಿನಲ್ಲಿ ಕಟ್ಟಿದ ನಿಯೂಪೋರ್ ‘ಸುಮ್ನೆ ನಕಲು’ ಅಲ್ಲ

ಮೊದಲ ಮಹಾಯುದ್ಧದ ವಿಮಾನಗಳ ಪ್ರತಿಕೃತಿಯ ಕಿಟ್ (ಜೋಡಿಸುವ ಬಿಡಿಭಾಗಗಳ ಕಟ್ಟು) ತರಿಸಿ, ಮನೆಯ ಗ್ಯಾರೇಜಿನಲ್ಲೇ ಕಟ್ಟಿ ಹಾರಿಸುವ ಹವ್ಯಾಸಿಗಳು ಅಮೆರಿಕ, ಕೆನಡಾ ಕಡೆ ಇದ್ದಾರೆ. ‘ಅದು ನಕಲು ಬಿಡಿ’ ಅಂತ ಯಾರಾದರೂ ಅಂದರೆ ನನಗೆ ಬೇಸರವಾಗುತ್ತದೆ.

ನಿಯೂಪೋರ್ 11 ನೋಡಿ. 1916ರಲ್ಲಿ ಫ್ರಾನ್ಸಿನ ವರ್ಡನ್ ಕದನದ ಆಕಾಶದಲ್ಲಿ ಜರ್ಮನರ ಫೋಕರ್‌ಗಳಿಗೆ ಎದುರು ನಿಂತ ಫ್ರೆಂಚರ ಪುಟ್ಟ ವಿಮಾನ. ತಿರುಗುವ ಪ್ರೊಪೆಲ್ಲರ್ ನಡುವಿಂದ ಗುಂಡು ಹಾರಿಸುವ ಏರ್ಪಾಡು ಅದಕ್ಕಿರಲಿಲ್ಲ. ಹಾಗಾಗಿ ಲೂಯಿಸ್ ಮೆಷಿನ್ ಗನ್ನನ್ನು ಮೇಲಿನ ರೆಕ್ಕೆಯ ಮೇಲೆ ಕೂರಿಸಿದರು. ಗುಂಡು ಮುಗಿದರೆ ಹಾರುತ್ತಲೇ ಗುಂಡು ತುಂಬಿದ ಡ್ರಮ್ ಬದಲಿಸಬೇಕು! 80 ಅಶ್ವಶಕ್ತಿಯ ಲೆ ರೋನ್ ಎಂಜಿನ್ ಅಂತೂ ಪ್ರೊಪೆಲ್ಲರ್ ಜೊತೆ ತಾನೂ ಗಿರಗಿರ ತಿರುಗುತ್ತಿತ್ತು. ಅದಕ್ಕೆ ಹಾಕಿದ ಹರಳೆಣ್ಣೆ ಪೈಲಟ್ ಮುಖಕ್ಕೂ ಸಿಡಿಯುತ್ತಿತ್ತು.

ಈಗಿನ ಕಿಟ್‌ಗಳಲ್ಲಿ ಮರದ ಬದಲು ಅಲ್ಯೂಮಿನಿಯಂ ಪೈಪು, ರಿವೆಟ್ಟು. ಎಂಜಿನ್ ಎಷ್ಟೋ ಸಲ ಫೋಕ್ಸ್‌ವ್ಯಾಗನ್ ಕಾರಿನದು. ಎಲ್ಲವೂ ಮೊದಲಿನ ಹಾಗೇ ಇರಬೇಕು ಅನ್ನುವವರಿಗೆ ಇದೇ ಸಿಟ್ಟು. ನನಗೆ ಇದೇ ಸರಿ ಅನ್ನಿಸುತ್ತದೆ. ನಿಯೂಪೋರ್‌ನ ಕೆಳ ರೆಕ್ಕೆಗೆ ಒಂದೇ ಸ್ಪಾರ್, ಅಂದರೆ ರೆಕ್ಕೆಯ ಉದ್ದಕ್ಕೂ ಹಾಯುವ ತೊಲೆ. ಜೋರಾಗಿ ಡೈವ್ ಮಾಡಿದರೆ ರೆಕ್ಕೆ ತಿರುಚಿಕೊಂಡು ಮುರಿಯುವ ಅಪಾಯವಿತ್ತು. ಅಂಥ ದೋಷವನ್ನೂ ಹಾಗೇ ಉಳಿಸಿಕೊಂಡು ಜೀವ ಕಳೆದುಕೊಳ್ಳಬೇಕಾ?

ಕೈಕೆಲಸ ಎಲ್ಲೂ ಹೋಗಿಲ್ಲ. ರೆಕ್ಕೆಗೆ ಬಟ್ಟೆ ಹೊದಿಸುವುದನ್ನೇ ನೋಡಿ. ಆಗ ಲಿನನ್, ಈಗ ಪಾಲಿಯೆಸ್ಟರ್. ಅಂಟಿಸಿ ಇಸ್ತ್ರಿ ಪೆಟ್ಟಿಗೆ ಆಡಿಸಿದರೆ ಬಟ್ಟೆ ಕುಗ್ಗಿ ಬಿಗಿಯಾಗುತ್ತದೆ. ಶಾಖ ಹೆಚ್ಚಾದರೆ ಕೆಲಸ ಕೆಟ್ಟಿತು. ಆಮೇಲೆ ಉದ್ದನೆಯ ಸೂಜಿ ಹಿಡಿದು ರೆಕ್ಕೆಯ ಒಂದೊಂದು ರಿಬ್ಬಿಗೂ (ಆಕಾರ ಕೊಡುವ ಅಡ್ಡಪಟ್ಟಿಗೂ) ಹೊಲಿಗೆ. ರೆಕ್ಕೆಯನ್ನು ನೆಟ್ಟಗೆ ನಿಲ್ಲಿಸಿ, ಈ ಕಡೆಯಿಂದ ಒಬ್ಬರು ಚುಚ್ಚಿದರೆ ಆ ಕಡೆಯಿಂದ ಇನ್ನೊಬ್ಬರು ಎಳೆದು ವಾಪಸ್ ಚುಚ್ಚಬೇಕು. ಎಷ್ಟೋ ಮನೆಗಳಲ್ಲಿ ಗಂಡ ಹೆಂಡತಿ ಸೇರಿಯೇ ಮಾಡುತ್ತಾರೆ.

ಅಮೆರಿಕದ ಕಾನೂನೂ ಇದಕ್ಕೆ ಬೆಲೆ ಕೊಡುತ್ತದೆ. ಕಟ್ಟುವ ಕೆಲಸದಲ್ಲಿ ಅರ್ಧಕ್ಕಿಂತ ಜಾಸ್ತಿ ಹವ್ಯಾಸಿಗಳೇ ಮಾಡಿರಬೇಕು, ಅದೂ ಕಲಿಯಲಿಕ್ಕೆ ಇಲ್ಲವೇ ಖುಷಿಗೆ. ಆಗಲೇ ‘ಹವ್ಯಾಸಿ ಕಟ್ಟಿದ ವಿಮಾನ’ ಎಂಬ ಮಾನ್ಯತೆ.

ಮ್ಯೂಸಿಯಂನಲ್ಲಿ ಉಳಿದಿರುವ ಮೂಲ ವಿಮಾನಗಳನ್ನು ಹಾರಿಸುವ ಧೈರ್ಯ ಯಾರಿಗೆ ಬರುತ್ತದೆ? 2017ರ ಏಪ್ರಿಲ್ 9ರಂದು, ಮೊದಲ ಮಹಾಯುದ್ಧದಲ್ಲಿ ಕೆನಡಾದ ಸೈನಿಕರು ಕಾದಿದ ವಿಮಿ ಕದನಕ್ಕೆ ನೂರು ವರ್ಷವಾದಾಗ, ಫ್ರಾನ್ಸಿನಲ್ಲಿರುವ ಅದರ ಸ್ಮಾರಕದ ಮೇಲೆ ಹಾರಿದ್ದು ಕೆನಡಾದವರ ಪ್ರತಿಕೃತಿ ನಿಯೂಪೋರ್‌ಗಳೇ.

ನನಗೊಂದು ಆಸೆ ಇದೆ. ಕಲ್ಕತ್ತೆಯಲ್ಲಿ ಹುಟ್ಟಿದ ಇಂದ್ರಲಾಲ್ ರಾಯ್ 1918ರ ಜುಲೈನಲ್ಲಿ ಎಸ್‌ಇ5ಎ ಎಂಬ ಬ್ರಿಟಿಷ್ ಯುದ್ಧವಿಮಾನ ಹಾರಿಸಿ, ಆಕಾಶದ ಕಾಳಗದಲ್ಲಿ ಹತ್ತು ಗೆಲುವು ಸಾಧಿಸಿದ ಹುಡುಗ. ಅದೇ ತಿಂಗಳು 22ರಂದು ಯುದ್ಧದಲ್ಲಿ ಸತ್ತಾಗ ಅವನಿಗಿನ್ನೂ 19 ವರ್ಷ. ಎಸ್‌ಇ5ಎ ಪ್ರತಿಕೃತಿ ಕಟ್ಟಲಿಕ್ಕೂ ನಕ್ಷೆಗಳಿವೆ. ನಮ್ಮ ದೇಶದ ಹವ್ಯಾಸಿಗಳು ನಾಲ್ಕು ಜನ ಸೇರಿ ಒಂದನ್ನು ಕಟ್ಟಲಿ, ಕಾಲೇಜು ಹುಡುಗರ ಕೈಯಲ್ಲೂ ರಿವೆಟ್ಟು ಹೊಡೆಸಲಿ.